ಗುಣವಾಗಿ ಬರುತ್ತಾರೆ, ಒಳಗೆ ಕರೆಯಿರಿ

ಬೆಲ್ಲದ ಬಾಗೇವಾಡಿಯ ಹಿರಿಯರೇ, ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ಅಕ್ಕ-ಅಣ್ಣಂದಿರೇ, ನಾನು ನಿಮ್ಮ ಊರಿನ ಮಗಳು, ನರ್ಸಿಂಗ್ ಓದುತ್ತಿರುವವಳು. ತಲೆ ಕೆಟ್ಟಿದೆ ಎಂದು ನಾವು ಕೈಬಿಟ್ಟವರು ಗುಣವಾಗುತ್ತಾರೆ. ಮನೋರೋಗ ವಾರ್ಡಿನಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇನೆ. ಕಂಡ ಮೇಲೆ ಸುಮ್ಮನಿರುವುದು ತಪ್ಪು ಎನಿಸಿ ಇದನ್ನು ಬರೆಯುತ್ತಿದ್ದೇನೆ.

ಹಿತ್ತಲ ಕೋಣೆಯಲ್ಲಿ ಕೂಡಿಹಾಕಿದ ಅಣ್ಣ, ಗಂಡನ ಮನೆಯವರು ತವರಿಗೆ ತಂದು ಬಿಟ್ಟುಹೋದ ಮಗಳು, ಬಸ್ ಸ್ಟ್ಯಾಂಡಿನ ಮೂಲೆಯಲ್ಲಿ ಹರಕು ಬಟ್ಟೆಯಲ್ಲಿ ಕುಳಿತು ತನ್ನಷ್ಟಕ್ಕೆ ಮಾತಾಡುವವ. ಇಂಥವರಿಲ್ಲದ ಊರು ನಮ್ಮ ಸೀಮೆಯಲ್ಲಿ ಇಲ್ಲ. ಅವರ ರೋಗಕ್ಕೆ ಹೆಸರಿದೆ, ಔಷಧವಿದೆ, ಸರ್ಕಾರಿ ಆಸ್ಪತ್ರೆಯಲ್ಲಿ ಆ ಔಷಧ ಪುಕ್ಕಟೆ ಸಿಗುತ್ತದೆ. ಮುಖ್ಯವಾಗಿ ಸಿಗದಿರುವುದು ಎರಡು: ಆಸ್ಪತ್ರೆಗೆ ಕರೆದೊಯ್ಯುವವರು, ಗುಣವಾಗಿ ಬಂದಾಗ ‘ಬಾ, ಕೂಡು’ ಎನ್ನುವವರು. ಈ ಎರಡನ್ನೂ ಕೊಡಬೇಕಾದವರು ನಾವು.

ಮೊದಲು ರೋಗದ ಮಾತು. ಡಾಕ್ಟರು ಸ್ಕಿಜೋಫ್ರೇನಿಯಾ ಎಂದು ಕರೆಯುವ ಕಾಯಿಲೆ ಜಗತ್ತಿನಲ್ಲಿ ಸುಮಾರು 300 ಜನರಲ್ಲಿ ಒಬ್ಬರಿಗೆ ಇದೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ 3000 ಜನರ ಹಳ್ಳಿಯಲ್ಲಿ ಸುಮಾರು ಹತ್ತು ಮಂದಿ ಇರಬಹುದು. ಯಾರೂ ಇಲ್ಲದ ಕಡೆಯಿಂದ ಅವರ ಕಿವಿಗೆ ಮಾತು ಕೇಳುತ್ತದೆ. ಊಟದಲ್ಲಿ ವಿಷ ಹಾಕಿದ್ದಾರೆ, ನೆರೆಮನೆಯವರು ನನ್ನ ಮೇಲೆ ಕಣ್ಣಿಟ್ಟಿದ್ದಾರೆ ಎಂಬ ನಂಬಿಕೆ ಯಾರು ಎಷ್ಟು ತಿಳಿಹೇಳಿದರೂ ಅಲ್ಲಾಡುವುದಿಲ್ಲ. ನಿದ್ದೆ ಹೋಗುತ್ತದೆ, ಸ್ನಾನ ಬಿಟ್ಟುಹೋಗುತ್ತದೆ, ಒಂದು ಮಾತಿಗೆ ಇನ್ನೊಂದು ಮಾತು ಕೂಡುವುದಿಲ್ಲ. ಇದು ಶುರುವಾಗುವುದು ಹೆಚ್ಚಾಗಿ ಹದಿಹರೆಯದ ಕೊನೆಯಲ್ಲಿ ಅಥವಾ ಇಪ್ಪತ್ತರ ಹರೆಯದಲ್ಲಿ, ಮಗ ದುಡಿಮೆಗೆ ಹತ್ತುವ, ಮಗಳು ಕಾಲೇಜು ಮುಗಿಸುವ ಹೊತ್ತಿಗೆ. ವಂಶದ ಪಾಲು ಇರುತ್ತದೆ, ಮಿದುಳಿನ ರಾಸಾಯನಿಕಗಳ ಏರುಪೇರು ಇರುತ್ತದೆ, ಬದುಕಿನ ಒತ್ತಡವೂ ಗಾಂಜಾದಂಥ ಚಟವೂ ಅದಕ್ಕೆ ಕೂಡಿಕೊಳ್ಳುತ್ತವೆ. ತಾಯಿಯ ತಪ್ಪು ಇಲ್ಲ, ಹಿಂದಿನ ಜನ್ಮದ ಪಾಪ ಇಲ್ಲ, ಯಾರ ಮಾಟವೂ ಇಲ್ಲ. ಇದಕ್ಕೆ ಕೆಲಸ ಮಾಡುವ ಮೊದಲ ಔಷಧ ಕ್ಲೋರ್‌ಪ್ರೊಮಜಿನ್ ಫ್ರಾನ್ಸ್‌ನಲ್ಲಿ ಬಳಕೆಗೆ ಬಂದದ್ದು 1952ರಲ್ಲಿ. ಅಲ್ಲಿಂದ ಎಪ್ಪತ್ತಕ್ಕೂ ಹೆಚ್ಚು ವರ್ಷ ಕಳೆದಿವೆ. ನಮ್ಮೂರಿನ ಹಿತ್ತಲ ಕೋಣೆಗಳಿಗೆ ಆ ಸುದ್ದಿ ಇನ್ನೂ ಮುಟ್ಟಿಲ್ಲ.

ವಾರ್ಡಿನಲ್ಲಿ ನಾನು ನೋಡಿಕೊಂಡ ಒಬ್ಬರ ಬಗ್ಗೆ ಹೇಳುತ್ತೇನೆ. ಹೆಸರು, ಊರು ಹೇಳುವುದಿಲ್ಲ. ರೋಗಿಯ ಗುಟ್ಟು ಕಾಯುವುದು ನರ್ಸ್ ಧರ್ಮ, ಕಾನೂನೂ ಅದೇ.

ಆಲೆಮನೆಯಲ್ಲಿ ಬೆಲ್ಲ ಕಾಸುತ್ತಿದ್ದವರು ಅವರು. ಕರೆತಂದಾಗ ಎರಡೂ ಮಣಿಕಟ್ಟಿನ ಸುತ್ತ ಹಗ್ಗ ಉಜ್ಜಿದ ಗಾಯ ಕೀವಾಗಿತ್ತು. ನನಗೆ ಸಿಕ್ಕ ಮೊದಲ ಕೆಲಸ ಆ ಗಾಯ ತೊಳೆದು ಪಟ್ಟಿ ಕಟ್ಟುವುದು. ಅವರು ಊಟ ಮುಟ್ಟುತ್ತಿರಲಿಲ್ಲ, ತಟ್ಟೆಯಲ್ಲಿ ವಿಷ ಇದೆ ಎನ್ನುತ್ತಿದ್ದರು. ‘ವಾದಕ್ಕೆ ಇಳಿಯಬೇಡ, ಹೌದೆಂದೂ ಅನ್ನಬೇಡ’ ಎಂದರು ನಮ್ಮ ಟೀಚರ್. ಸಿಪ್ಪೆ ಸುಲಿಯದ ಬಾಳೆಹಣ್ಣು, ಒಡೆಯದ ಬಿಸ್ಕತ್ ಪೊಟ್ಟಣ ಕೈಗೆ ಕೊಡಿಸಿದರು. ತಾವೇ ಸುಲಿದು, ತಾವೇ ಒಡೆದು ತಿಂದರು. ಗುಳಿಗೆ ಕೊಟ್ಟ ಮೇಲೆ ನೀರು ಕುಡಿಸಿ, ನಾಲಿಗೆ ಎತ್ತಿಸಿ ನೋಡುವುದು, ಪಕ್ಕದಲ್ಲಿ ಕುಳಿತುಕೊಳ್ಳುವುದು, ಮಾತು ಬಾರದಿದ್ದರೂ ಎದ್ದು ಹೋಗದಿರುವುದು, ಇವೇ ನನ್ನ ಕೆಲಸ. ಹಿಲ್ಡೆಗಾರ್ಡ್ ಪೆಪ್ಲಾವ್ ಎಂಬ ಅಮೆರಿಕದ ನರ್ಸ್ 1952ರಲ್ಲಿ ಬರೆದ ಪುಸ್ತಕವೊಂದು ನಮಗೆ ಪಾಠ. ನರ್ಸ್ ಮತ್ತು ರೋಗಿಯ ನಡುವಿನ ಸಂಬಂಧವೇ ಆರೈಕೆಯ ಜೀವಾಳ ಎಂಬುದು ಅದರ ಸಾರ. ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ಆ ಮಾತು ನನಗೆ ಅರ್ಥವಾದದ್ದು ಆ ಮಂಚದ ಪಕ್ಕದ ಸ್ಟೂಲಿನ ಮೇಲೆ.

ಮೊದಲು ನಿದ್ದೆ ಬಂತು. ಆಮೇಲೆ ಹಸಿವು. ಆಮೇಲೆ ಒಂದು ದಿನ ತಾವಾಗಿಯೇ ಗಡ್ಡ ಮಾಡಿಸಿಕೊಳ್ಳಬೇಕು ಎಂದರು. ಔಷಧದಿಂದ ಕೈ ನಡುಗುತ್ತಿತ್ತು. ಡಾಕ್ಟರಿಗೆ ಹೇಳಿದೆವು, ಅದಕ್ಕೂ ಗುಳಿಗೆ ಬಂತು, ನಡುಕ ಇಳಿಯಿತು. ಕಿವಿಯಲ್ಲಿ ಕೇಳುವ ದನಿಯ ಬಗ್ಗೆ ವಿಚಾರಿಸಿದಾಗ, “ಐತ್ರಿ ಸಿಸ್ಟರ್, ಆದ್ರ ಭಾಳ ದೂರ ಹೋಗೇತ್ರಿ” ಎಂದರು. ಇನ್ನೊಂದು ದಿನ ಅವರ ಮಾನಸಿಕ ಸ್ಥಿತಿ ಪರೀಕ್ಷಿಸಿ ಬರೆಯುವ ಪಾಳಿ ನನ್ನದು. ಮಾತಿಗೆ ಮಾತು ಕೂಡುತ್ತದೆಯೇ ಎಂದು ತಿಳಿಯಲು, ಬೆಲ್ಲ ಹೇಗೆ ಮಾಡುತ್ತೀರಿ ಎಂದು ಕೇಳಿದೆ. ಅವರು ಎದ್ದು ಕುಳಿತರು.

“ಕಬ್ಬಿನ ಹಾಲು ಕೊಪ್ಪರಿಗ್ಯಾಗ ಕುದ್ಯಾಕ ಹತ್ತಿದ ಮ್ಯಾಲ ಬೆಂಡಿ ಗಿಡದ ಲೋಳಿ ಹಾಕಬೇಕ್ರಿ. ಹೊಲಸೆಲ್ಲಾ ಮ್ಯಾಲ ಬರತೈತಿ, ಅದನ್ನ ತಗೀಬೇಕು. ಪಾಕ ಬಂತೋ ಇಲ್ಲೋ ನೋಡಾಕ ನೀರಾಗ ಒಂದೀಟು ಬಿಡಬೇಕು. ಕೈಯಾಗ ಗೋಲಿ ಆತಂದ್ರ ಇಳಸಬೇಕು. ಮದಲ ಇಳಸಿದ್ರ ಗಟ್ಟಿ ಆಗೂದಿಲ್ಲ, ತಡಾ ಮಾಡಿದ್ರ ಕರಕ ಆಗತೈತಿ.”

ಬಂದ ದಿನ ಮೂರು ಪದ ಒಟ್ಟಿಗೆ ಹೊಂದಿಸಿ ಹೇಳಲಾರದೆ ಇದ್ದ ಬಾಯಿಂದ, ಹಂತ ಹಂತವಾಗಿ, ಒಂದೂ ಎಡವದೆ ಬಂದ ಮಾತು ಅದು. ಬೆಲ್ಲದ ಹೆಸರು ಹೊತ್ತ ಊರಿನಲ್ಲಿ ಹುಟ್ಟಿದ ನನಗೆ ಆ ಲೆಕ್ಕ ಸರಿಯೋ ತಪ್ಪೋ ತಿಳಿಯುತ್ತದೆ. ಸರಿಯಾಗಿತ್ತು. ನನ್ನ ಕಣ್ಣು ತುಂಬಿತು, ಬರೆಯುವುದನ್ನು ನಿಲ್ಲಿಸಬೇಕಾಯಿತು.

ಬಿಡುಗಡೆಯ ದಿನ ಅವರ ಹೆಂಡತಿ ಬಂದಿದ್ದರು. ಮಾತ್ರೆಯ ಚೀಟಿ ವಿವರಿಸುತ್ತಿದ್ದಾಗ ಗಂಡ ನನ್ನನ್ನು ಕೇಳಿದರು: “ಊರಾಗ ಇನ್ನ ನನಗ ಕೆಲಸಾ ಕೊಡ್ತಾರೇನ್ರಿ?” ಈ ಪ್ರಶ್ನೆಗೆ ಉತ್ತರ ಡಾಕ್ಟರ ಹತ್ತಿರ ಇಲ್ಲ, ನರ್ಸ್ ಹತ್ತಿರ ಇಲ್ಲ. ಆಲೆಮನೆ ಇಟ್ಟವರ ಹತ್ತಿರ ಇದೆ, ಕಬ್ಬಿನ ಗ್ಯಾಂಗಿನ ಮುಕಾದಮರ ಹತ್ತಿರ ಇದೆ, ಇದನ್ನು ಓದುತ್ತಿರುವ ನಿಮ್ಮ ಹತ್ತಿರ ಇದೆ.

ಇನ್ನೊಂದು ರೋಗದ ಬಗ್ಗೆ ಹೆಣ್ಣುಮಕ್ಕಳಿಗೆ ಹೇಳಲೇಬೇಕು. ನಮ್ಮ ಅಜ್ಜಿಯರು ಬಾಣಂತಿ ಸನ್ನಿ ಎನ್ನುತ್ತಿದ್ದರು. ಸಾವಿರ ಹೆರಿಗೆಗಳಲ್ಲಿ ಒಂದೆರಡರಲ್ಲಿ, ಹೆಚ್ಚಾಗಿ ಮೊದಲ ಎರಡು ವಾರದೊಳಗೆ ಬರುತ್ತದೆ. ಬಾಣಂತಿಗೆ ನಿದ್ದೆ ಹಾರುತ್ತದೆ, ಏನೇನೋ ಮಾತಾಡುತ್ತಾಳೆ, ಕೂಸು ತನ್ನದಲ್ಲ ಅನ್ನಬಹುದು. ಆ ಹೊತ್ತಿನಲ್ಲಿ ತಾಯಿಯ ಜೀವಕ್ಕೂ ಕೂಸಿನ ಜೀವಕ್ಕೂ ಅಪಾಯವಿದೆ. ಆದರೆ ಮನೋರೋಗಗಳಲ್ಲೇ ಬೇಗ, ಚೆನ್ನಾಗಿ ಗುಣವಾಗುವ ರೋಗಗಳಲ್ಲಿ ಇದೂ ಒಂದು. ಬೆಂಗಳೂರಿನ ಮನೋರೋಗ ಆಸ್ಪತ್ರೆ ನಿಮ್ಹಾನ್ಸ್‌ನಲ್ಲಿ ತಾಯಿ-ಮಗು ಇಬ್ಬರನ್ನೂ ಒಟ್ಟಿಗೆ ಇಟ್ಟುಕೊಂಡು ಆರೈಕೆ ಮಾಡುವ ವಿಭಾಗ 2009ರಲ್ಲೇ ಶುರುವಾಗಿದೆ. ಕೆಲವು ವಾರದ ಚಿಕಿತ್ಸೆಯಲ್ಲಿ ತಾಯಿ ತನ್ನ ಕೂಸನ್ನು ಮತ್ತೆ ಎತ್ತಿಕೊಳ್ಳುತ್ತಾಳೆ. ಅಷ್ಟರೊಳಗೆ ಇತ್ತ ಬೀಗರು ಕೂಡಿ ‘ಹುಚ್ಚಿಯನ್ನು ನಮಗೆ ಕಟ್ಟಿದಿರಿ’ ಎಂದು ಸಂಬಂಧ ಮುರಿದಿರುತ್ತಾರೆ. ರೋಗ ಕೆಲವು ವಾರದ್ದು, ಶಿಕ್ಷೆ ಜನ್ಮದ್ದು. ಈ ಅನ್ಯಾಯ ಮಾಡುವುದು ರೋಗವಲ್ಲ, ನಾವು.

ಎಲ್ಲರೂ ಮೊದಲಿನಂತೆಯೇ ಆಗುತ್ತಾರೆಂದು ನಾನು ಹೇಳುತ್ತಿಲ್ಲ. ಕೆಲವರಿಗೆ ಪೂರ್ತಿ ಗುಣವಾಗುತ್ತದೆ. ಕೆಲವರಿಗೆ ದನಿ ಮೆಲ್ಲಗೆ ಉಳಿದಿರುತ್ತದೆ, ಆದರೂ ಎಮ್ಮೆ ಕಟ್ಟುತ್ತಾರೆ, ಅಂಗಡಿ ನೋಡಿಕೊಳ್ಳುತ್ತಾರೆ. ಇನ್ನು ಕೆಲವರಿಗೆ ಹೆಚ್ಚಿನ ಆಸರೆ ಬೇಕು. ಬಿಪಿ, ಶುಗರಿನ ಗುಳಿಗೆಯನ್ನು ವರ್ಷಗಟ್ಟಲೆ ನುಂಗುವ ಹಾಗೆ ಇದರ ಗುಳಿಗೆಯನ್ನೂ ಹಲವರು ಬಹುಕಾಲ ನುಂಗಬೇಕಾಗುತ್ತದೆ. ನಮ್ಮ ಮನೆಗಳು ಎಡವುವುದು ಇಲ್ಲಿಯೇ. ಆರಾಮಾದ, ಇನ್ಯಾಕೆ ಗುಳಿಗೆ ಎಂದು ನಿಲ್ಲಿಸುತ್ತಾರೆ. 2012ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ 65 ಅಧ್ಯಯನಗಳನ್ನು ಒಟ್ಟುಗೂಡಿಸಿದ ಲೆಕ್ಕ ಬಂತು: ಸುಮಾರು ಒಂದು ವರ್ಷದಲ್ಲಿ, ಔಷಧ ಮುಂದುವರಿಸಿದ 100 ಸ್ಕಿಜೋಫ್ರೇನಿಯಾ ರೋಗಿಗಳಲ್ಲಿ 27 ಮಂದಿಗೆ ರೋಗ ಮರುಕಳಿಸಿತು, ನಿಲ್ಲಿಸಿದ 100ರಲ್ಲಿ 64 ಮಂದಿಗೆ. ಮನೆಯ ವಾತಾವರಣದ ಲೆಕ್ಕವೂ ಅಷ್ಟೇ ಮುಖ್ಯ. ಲಂಡನ್ನಿನ ಜಾರ್ಜ್ ಬ್ರೌನ್ ಮತ್ತು ಸಂಗಡಿಗರು ದಶಕಗಳ ಹಿಂದೆಯೇ ತೋರಿಸಿದ್ದಾರೆ: ಸದಾ ಹಂಗಿಸುವ, ಬೈಯುವ ಮನೆಗೆ ಮರಳಿದವರಲ್ಲಿ ರೋಗ ಹೆಚ್ಚು ಮರುಕಳಿಸುತ್ತದೆ. ನಾವು ಆಡುವ ಮಾತಿಗೂ ಔಷಧದ ಗುಣವಿದೆ, ವಿಷದ ಗುಣವೂ ಇದೆ.

‘ಇವನ್ನ ಧಾರವಾಡಕ್ಕ ಹಾಕಬೇಕು’ ಎಂದು ನಗೆಯಾಡುವುದು ನಮ್ಮ ಕಡೆ ರೂಢಿ. ಆ ನಗೆ ಸಾಕು. ಧಾರವಾಡದ ಮನೋರೋಗ ಆಸ್ಪತ್ರೆ 1845ರಷ್ಟು ಹಿಂದಿನದು. ಬ್ರಿಟಿಷರ ಕಾಲದಲ್ಲಿ ಹುಚ್ಚರನ್ನು ಕೂಡಿಡುವ ಜಾಗವಾಗಿ ಹುಟ್ಟಿದ್ದು ಇಂದು ಡಿಮ್ಹಾನ್ಸ್ ಎಂಬ ಮಾನಸಿಕ ಆರೋಗ್ಯ ಸಂಸ್ಥೆಯಾಗಿದೆ; ಉತ್ತರ ಕರ್ನಾಟಕದ ಜನರಿಗೆ ಚಿಕಿತ್ಸೆ, ನಮ್ಮಂಥ ನರ್ಸಿಂಗ್ ವಿದ್ಯಾರ್ಥಿಗಳಿಗೆ ಪಾಠ ಎರಡೂ ಅಲ್ಲಿವೆ. ಆಸ್ಪತ್ರೆ ಬದಲಾಯಿತು, ನಮ್ಮ ಬಾಯಿ ಬದಲಾಗಿಲ್ಲ.

ಸಂಕೋಲೆಯ ಚರಿತ್ರೆ ನೋಡಿ. ಪ್ಯಾರಿಸ್‌ನ ಬಿಸೆತ್ರ್ ಆಸ್ಪತ್ರೆಯಲ್ಲಿ 1797ರಲ್ಲಿ ಮನೋರೋಗಿಗಳ ಕಬ್ಬಿಣದ ಸರಪಳಿ ಕಳಚಿದವರು ಝಾನ್ ಬಾಪ್ತಿಸ್ತ್ ಪುಸ್ಸಾಂ. ಆದರೆ ಪುಸ್ತಕಗಳಲ್ಲಿ ಈ ಕೀರ್ತಿ ವೈದ್ಯ ಫಿಲಿಪ್ ಪಿನೆಲ್ ಹೆಸರಿಗೆ ಹೋಗಿದೆ. ಪುಸ್ಸಾಂ ವೈದ್ಯರಲ್ಲ, ವಾರ್ಡು ನೋಡಿಕೊಳ್ಳುತ್ತಿದ್ದವರು. ಅದೇ ಆಸ್ಪತ್ರೆಗೆ ಬೇರೆ ರೋಗಕ್ಕೆಂದು ಬಂದು, ಗುಣವಾಗಿ, ಅಲ್ಲೇ ಸೇವೆಗೆ ನಿಂತವರು. ಗುಣವಾದ ರೋಗಿಗಳನ್ನೇ ಆರೈಕೆಯ ಕೆಲಸಕ್ಕೆ ತೆಗೆದುಕೊಂಡರು, ಏಕೆಂದರೆ ನೋವುಂಡವರು ನೋವು ಕೊಡುವುದಿಲ್ಲ. ಅದಾದ ಇನ್ನೂರು ವರ್ಷಕ್ಕೆ, 2001ರ ಆಗಸ್ಟ್ 6ರ ನಸುಕಿನಲ್ಲಿ, ತಮಿಳುನಾಡಿನ ಎರ್ವಾಡಿಯಲ್ಲಿ ಮನೋರೋಗಿಗಳನ್ನು ಇಟ್ಟಿದ್ದ ಒಂದು ಖಾಸಗಿ ಶೆಡ್ಡಿಗೆ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಲ್ಲಿ ಕಟ್ಟಲಾಗಿತ್ತು, ಓಡಲಾಗಲಿಲ್ಲ. 28 ಜನ ಸುಟ್ಟು ಸತ್ತರು. ಅವರೆಲ್ಲರೂ ಗುಣವಾಗಲೆಂದು ಮನೆಯವರು ಬಿಟ್ಟುಹೋದವರೇ.

ಅದರ ನಂತರ ದೇಶ ಕಾನೂನನ್ನೂ ಬದಲಿಸಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಮಿನಂತೆ ಮನೋರೋಗಿಯನ್ನು ಯಾವ ರೀತಿಯಲ್ಲೂ ಸರಪಳಿಯಿಂದ ಕಟ್ಟುವಂತಿಲ್ಲ. ಅರಿವಳಿಕೆ ಕೊಡದೆ ಕರೆಂಟ್ ಚಿಕಿತ್ಸೆ ಮಾಡುವುದನ್ನೂ ಅದೇ ಕಲಮು ನಿಷೇಧಿಸಿದೆ. ಸಿನಿಮಾದಲ್ಲಿ ನೋಡಿ ಹೆದರಿದವರಿಗೆ ಇದು ತಿಳಿದಿರಲಿ. ಸರ್ಕಾರಿ ಖರ್ಚಿನಲ್ಲಿ ಚಿಕಿತ್ಸೆ ಪಡೆಯುವುದು 18ನೇ ಕಲಮಿನ ಹಕ್ಕು. ಸಮಾಜದ ನಡುವೆ ಬದುಕುವುದು 19ನೇ ಕಲಮಿನ ಹಕ್ಕು. ಮನೆಯವರು ಒಲ್ಲೆವೆಂದ ಮಾತ್ರಕ್ಕೆ ಯಾರನ್ನೂ ಆಸ್ಪತ್ರೆಯಲ್ಲೇ ಕೊಳೆಯಲು ಬಿಡುವಂತಿಲ್ಲ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದು ಕಾಣಬೇಕು, ಅವರಿಗೆ ಆರೈಕೆ ಕೊಡಬೇಕು ಎನ್ನುತ್ತದೆ 115ನೇ ಕಲಮು.

ನಮ್ಮ ನಾಡಿಗೆ ಈ ದಾರಿ ಹೊಸದಲ್ಲ. 1970ರ ದಶಕದಲ್ಲಿ ನಿಮ್ಹಾನ್ಸ್‌ನ ವೈದ್ಯರು ಬೆಂಗಳೂರಿನ ಬಳಿಯ ಸಕಲವಾರದಲ್ಲಿ ಹಳ್ಳಿಯ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗ ಗುರುತಿಸುವ, ಔಷಧ ಕೊಡುವ ತರಬೇತಿ ಶುರುಮಾಡಿದರು. 1985ರಲ್ಲಿ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ಇಡೀ ಜಿಲ್ಲೆಗೆ ಹಬ್ಬಿಸಿ ನೋಡಿದರು. ಆ ಬಳ್ಳಾರಿಯ ಮಾದರಿಯ ಮೇಲೆಯೇ 1996ರಲ್ಲಿ ಕೇಂದ್ರ ಸರ್ಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿತು. ಮಲೆನಾಡಿನ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ ತಂಡ ಹಳ್ಳಿಗಳಲ್ಲಿದ್ದ ಸ್ಕಿಜೋಫ್ರೇನಿಯಾ ರೋಗಿಗಳನ್ನು ಹುಡುಕಿ, ಸ್ಥಳದಲ್ಲೇ ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಹಿಂಬಾಲಿಸಿ ನೋಡಿತು. ಔಷಧ ಸಿಕ್ಕವರ ವೈಕಲ್ಯ ಇಳಿಯಿತು, ಹಲವರು ಮತ್ತೆ ಕೆಲಸಕ್ಕೆ ಹತ್ತಿದರು. 2014ರಿಂದ ಕರ್ನಾಟಕದಲ್ಲಿ ಮನೋಚೈತನ್ಯ ಕಾರ್ಯಕ್ರಮವಿದೆ. ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೇ ಬಂದು ರೋಗಿಗಳನ್ನು ನೋಡಬೇಕೆಂಬುದು ಅದರ ಉದ್ದೇಶ. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಹಗಲು-ರಾತ್ರಿ ಯಾವ ಹೊತ್ತಿಗೆ ಫೋನ್ ಮಾಡಿದರೂ ದುಡ್ಡಿಲ್ಲದೆ, ಕನ್ನಡದಲ್ಲೇ ಮಾತಾಡಬಹುದು.

ಇಷ್ಟೆಲ್ಲ ಇದ್ದೂ 2015-16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಹೇಳಿದ್ದೇನು? ಬೇರೆ ಬೇರೆ ಮನೋರೋಗಗಳಲ್ಲಿ 100ಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ಮುಟ್ಟುತ್ತಿಲ್ಲ. ದೂರ, ಬಡತನ, ವೈದ್ಯರ ಕೊರತೆ ಎಲ್ಲ ನಿಜ. ಅದರ ಜೊತೆಗೆ ನಮ್ಮ ನಾಚಿಕೆಯೂ ಇದೆ. ವಾರ್ಡಿನ ಎಷ್ಟೋ ರೋಗಿಗಳ ಮನೆಯವರು ಊರವರಿಗೆ ಬೀಗರ ಮದುವೆಗೆ ಹೊರಟಿದ್ದೇವೆಂದು ಹೇಳಿ ಬಂದವರು.

ಆದ್ದರಿಂದ ಒಬ್ಬೊಬ್ಬರಲ್ಲೂ ಬೇಡಿಕೊಳ್ಳುತ್ತೇನೆ.

ತಾಯಂದಿರೇ, ಚಿಂಚಲಿ ಮಾಯಕ್ಕನಿಗೆ ಹೋಗಿ, ಸವದತ್ತಿ ಎಲ್ಲಮ್ಮನಿಗೆ ಉಡಿ ತುಂಬಿ, ಹರಕೆ ತೀರಿಸಿ. ನಿಮ್ಮ ಭಕ್ತಿಗೆ ಅಡ್ಡ ಬರಲು ನಾನಾರು? ಆದರೆ ದೇವರ ಹೆಸರಿನಲ್ಲಿ ಹೊಡೆಯುವವನ, ಬರೆ ಹಾಕುವವನ, ಗುಳಿಗೆ ಬಿಡಿಸುವವನ ಹತ್ತಿರ ನಿಮ್ಮ ಮಗನನ್ನು ಒಯ್ಯಬೇಡಿ. ಹರಕೆ, ಗುಳಿಗೆ ಎರಡೂ ಜೊತೆಗೆ ನಡೆಯಬಹುದು: ಗುಜರಾತಿನ ಉನಾವಾದ ಮೀರಾ ದಾತಾರ ದರ್ಗಾದಲ್ಲಿ ಹರಕೆ ಹೊತ್ತು ಬಂದವರಿಗೆ ಅಲ್ಲಿಯೇ ಮನೋವೈದ್ಯರ ಚಿಕಿತ್ಸೆಯೂ ಸಿಗುವ ಏರ್ಪಾಡಾಯಿತು. ಮಠಗಳ ಸ್ವಾಮಿಗಳೇ, ದೇವಸ್ಥಾನದ ಪೂಜಾರಿಗಳೇ, ನಿಮ್ಮ ಬಾಯಿಂದ ‘ಗುಳಿಗೆ ಬಿಡಬ್ಯಾಡ’ ಎಂಬ ಒಂದು ಮಾತು ಬಂದರೆ ನಾವು ನೂರು ಸಲ ಹೇಳಿದ್ದಕ್ಕಿಂತ ಹೆಚ್ಚು.

ಕಬ್ಬಿನ ಒಡೆಯರೇ, ಮುಕಾದಮರೇ, ಅಂಗಡಿಕಾರರೇ, ಗುಣವಾಗಿ ಬಂದವರಿಗೆ ಕೆಲಸ ಕೊಡಿ. ಪೂರಾ ದಿನದ ಕೆಲಸ ಒಗ್ಗದಿದ್ದರೆ ಅರ್ಧ ದಿನದ್ದು ಕೊಡಿ. ಗುಳಿಗೆ ತಿನ್ನುವವರಿಗೆ ನಸುಕಿನಲ್ಲಿ ಏಳಲು ಕಷ್ಟ, ಸ್ವಲ್ಪ ತಡವಾಗಿ ಬಂದರೆ ಸಹಿಸಿ. ಕೂಲಿ ಮಾತ್ರ ಎಲ್ಲರಿಗೂ ಕೊಡುವಷ್ಟೇ ಕೊಡಿ.

ಪಂಚಾಯಿತಿ ಸದಸ್ಯರೇ, 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವೈಕಲ್ಯಗಳ ಪಟ್ಟಿಯಲ್ಲಿ ಮಾನಸಿಕ ಕಾಯಿಲೆಯೂ ಇದೆ. ದೀರ್ಘಕಾಲ ನರಳಿದವರಿಗೆ ಪ್ರಮಾಣಪತ್ರ ಮಾಡಿಸಿ, ಮಾಸಾಶನಕ್ಕೆ ಅರ್ಜಿ ಹಾಕಿಸಿ. ಬೀದಿಯಲ್ಲಿ ಅಲೆಯುವ ರೋಗಿಯನ್ನು ರಕ್ಷಣೆಗೆ ತೆಗೆದುಕೊಂಡು ಆಸ್ಪತ್ರೆಗೆ ಮುಟ್ಟಿಸುವುದು ಪೊಲೀಸರ ಕರ್ತವ್ಯ ಎಂದು ಕಾನೂನೇ ಹೇಳುತ್ತದೆ. ಠಾಣೆಗೆ ಹೋಗಿ ಕೇಳಿ. 1969ರಲ್ಲಿ ಸಹಕಾರಿ ಸಂಘ ಕಟ್ಟಿ, ತನ್ನ ಹಳ್ಳಿಗಳಿಗೆ ತಾನೇ ವಿದ್ಯುತ್ ಹಂಚಿದ ತಾಲ್ಲೂಕು ಹುಕ್ಕೇರಿ. ಕೂಡಿ ಮಾಡುವ ಕೆಲಸ ನಮಗೆ ಹೊಸದಲ್ಲ. ತಿಂಗಳಿಗೊಮ್ಮೆ ರೋಗಿಗಳನ್ನು ಆಸ್ಪತ್ರೆಗೆ ಮುಟ್ಟಿಸಿ ತರಲು ಒಂದು ಗಾಡಿ ಗೊತ್ತುಮಾಡುವುದು ಇಂಥ ತಾಲ್ಲೂಕಿಗೆ ಎಷ್ಟರ ಕೆಲಸ?

ಗುರುಗಳೇ, ಚೆನ್ನಾಗಿ ಓದುತ್ತಿದ್ದ ಹುಡುಗ ಒಮ್ಮೆಗೇ ಒಂಟಿಯಾದರೆ, ನಿದ್ದೆಗೆಟ್ಟರೆ, ಇಲ್ಲದ್ದನ್ನು ಕೇಳಿ ಬೆಚ್ಚಿದರೆ ಬೈಯುವ ಮೊದಲು ಮನೆಯವರನ್ನು ಕರೆಸಿ. ಚಿಕಿತ್ಸೆ ಎಷ್ಟು ಬೇಗ ಶುರುವಾದರೆ ಗುಣ ಅಷ್ಟು ಚೆನ್ನಾಗಿ ಆಗುತ್ತದೆ.

ನನ್ನ ಜೊತೆ ಓದುವ ತಂಗಿ-ತಮ್ಮಂದಿರೇ, ಮನೋರೋಗ ಪೋಸ್ಟಿಂಗ್ ಎಂದರೆ ಮುಖ ಕಿವುಚಬೇಡಿ. ಗಂಭೀರ ಮನೋರೋಗವಿರುವವರು ಉಳಿದವರಿಗಿಂತ ಹತ್ತರಿಂದ ಇಪ್ಪತ್ತು ವರ್ಷ ಮೊದಲೇ ಸಾಯುತ್ತಾರೆ. ಅದೂ ಹೆಚ್ಚಾಗಿ ತಡೆಯಬಹುದಾದ ಹೃದಯದ, ಶ್ವಾಸಕೋಶದ, ಸಕ್ಕರೆಯ ಕಾಯಿಲೆಗಳಿಂದ. ಅವರ ಎದೆನೋವನ್ನು ‘ತಲೆ ಸರಿಯಿಲ್ಲದವರ ಮಾತು’ ಎಂದು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ನೀವು ಹಾಕಿಕೊಳ್ಳಿ. ಬಿಪಿ ನೋಡಿ, ತೂಕ ನೋಡಿ, ಹೆಸರು ಹಿಡಿದು ಗೌರವದಿಂದ ಕರೆಯಿರಿ.

ಕೊನೆಗೆ ಎಲ್ಲರಿಗೂ. ನಿಮ್ಮ ಓಣಿಯಲ್ಲಿ ಒಬ್ಬರಿದ್ದಾರೆ. ಯಾರೆಂದು ನಿಮಗೆ ಗೊತ್ತು. ನಾಳೆಯೇ ಆಶಾ ಕಾರ್ಯಕರ್ತೆಯನ್ನು ಕಂಡು, ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಯಾವ ಮಂಗಳವಾರ ಬರುತ್ತಾರೆಂದು ಕೇಳಿ. ಅಷ್ಟರವರೆಗೆ ತಡೆಯಲಾಗದಿದ್ದರೆ 14416ಕ್ಕೆ ಫೋನ್ ಮಾಡಿ. ಕೈಗೆ ಹಗ್ಗ ಕಟ್ಟಿದ್ದರೆ ಬಿಚ್ಚಿ, ಕೋಣೆಗೆ ಬೀಗ ಹಾಕಿದ್ದರೆ ತೆಗೆಯಿರಿ, ಜೊತೆಗೆ ಇಬ್ಬರು ಹೋಗಿ ಕರೆದೊಯ್ಯಿರಿ. ಗುಳಿಗೆ ಕೊಡಿಸಿ, ಡಾಕ್ಟರು ಹೇಳುವವರೆಗೆ ಬಿಡಿಸಬೇಡಿ. ಗುಣವಾಗಿ ಬಂದ ದಿನ ಮನೆಗೆ ಕರೆದು ಪಂಕ್ತಿಯಲ್ಲಿ ಎಲೆ ಹಾಕಿ, ಮಾರನೆಯ ದಿನದಿಂದ ಕೆಲಸ ಕೊಡಿ. ರೋಗದ ಪಾಲಿನ ಕೆಲಸ ಆಸ್ಪತ್ರೆ ಮಾಡುತ್ತದೆ. ಮನುಷ್ಯನ ಪಾಲಿನ ಕೆಲಸ ನಮ್ಮದು, ಅದನ್ನು ಈ ವಾರವೇ ಶುರುಮಾಡೋಣ.